ಹಳೆಯ ಎಚ್‌ಎಂಟಿ ಕೈಗಡಿಯಾರಗಳ ದುರಸ್ತಿ ಮತ್ತು ಮೌಲ್ಯಮಾಪನ

ಹಳೆಯ ಎಚ್‌ಎಂಟಿ ಕೈಗಡಿಯಾರಗಳ ದುರಸ್ತಿ ಮತ್ತು ಮೌಲ್ಯಮಾಪನ ಎಂಬುದು ಹಿಂದೂಸ್ತಾನ್ ಮೆಷಿನ್ ಟೂಲ್ಸ್ (ಎಚ್‌ಎಂಟಿ) ಸಂಸ್ಥೆಯು ತಯಾರಿಸಿದ, ಹಿರಿಯರಿಂದ ಕಿರಿಯರಿಗೆ ಬಳುವಳಿಯಾಗಿ ಬಂದಿರುವ ಯಾಂತ್ರಿಕ ಕೈಗಡಿಯಾರಗಳನ್ನು ಗುರುತಿಸುವ, ಸರ್ವೀಸ್ ಮಾಡಿಸುವ ಹಾಗೂ ಅವುಗಳ ಬೆಲೆಯನ್ನು ನಿರ್ಧರಿಸುವ ಕ್ರಮಗಳಿಗೆ ಸಂಬಂಧಿಸಿದೆ. ಬ್ಯಾಟರಿಯಿಲ್ಲದೆ, ಕೀಲಿ ಕೊಟ್ಟು ಅಥವಾ ಕೈಯ ಚಲನೆಯಿಂದ ನಡೆಯುವ ಈ ಗಡಿಯಾರಗಳು ಕರ್ನಾಟಕದ ಬಹುಸಂಖ್ಯೆಯ ಮನೆಗಳಲ್ಲಿ ಇಂದಿಗೂ ಉಳಿದಿವೆ. ಇಂತಹ ಗಡಿಯಾರಗಳಿಗೆ ಆಗುವ ಹಾನಿಯಲ್ಲಿ ಗಣನೀಯ ಭಾಗವು ಕಾಲದಿಂದಲ್ಲ, ತಿಳಿವಳಿಕೆಯಿಲ್ಲದೆ ಮಾಡಿಸುವ ದುರಸ್ತಿಯಿಂದ ಉಂಟಾಗುತ್ತದೆ. ಆದ್ದರಿಂದ ಮೊದಲು ಗುರುತಿಸುವಿಕೆ, ಅನಂತರ ಸರ್ವೀಸ್, ಕೊನೆಯಲ್ಲಿ ಮೌಲ್ಯನಿರ್ಣಯ ಎಂಬ ಕ್ರಮವು ಉಚಿತವಾದುದು.

ಹಿನ್ನೆಲೆ

ಎಚ್‌ಎಂಟಿ ಸಂಸ್ಥೆಯನ್ನು ಭಾರತ ಸರ್ಕಾರವು 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿತು. ಯಂತ್ರೋಪಕರಣಗಳ ತಯಾರಿಕೆಗಾಗಿ ಹುಟ್ಟಿದ ಈ ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಗಡಿಯಾರ ಕಾರ್ಖಾನೆಯನ್ನು ಆರಂಭಿಸಿತು. ಅದಕ್ಕೆ ಮೊದಲು ಫಾವ್ರೆ ಲ್ಯೂಬಾ, ವೆಸ್ಟ್ ಎಂಡ್, ರೋಮರ್ ಮೊದಲಾದ ಸ್ವಿಸ್ ಗಡಿಯಾರಗಳು ಆಮದಾಗಿ ಬರುತ್ತಿದ್ದವು. ಅವು ಅನುಕೂಲಸ್ಥರ ವಸ್ತುಗಳಾಗಿದ್ದವು. ಎಚ್‌ಎಂಟಿಯ ಜನತಾ, ಪೈಲಟ್, ಜವಾನ್, ಸೋನಾ, ಕೊಹಿನೂರ್, ಕಾಂಚನ್, ರಜತ್, ಹಾಗೂ ಮಹಿಳೆಯರಿಗಾಗಿ ತಯಾರಾದ ಸುಜಾತಾ ಮುಂತಾದ ಮಾದರಿಗಳು ಶಾಲಾ ಶಿಕ್ಷಕರು, ಗುಮಾಸ್ತರು, ರೈತರು ಹಾಗೂ ಕಾರ್ಮಿಕರ ಕೈಗೂ ಗಡಿಯಾರವನ್ನು ತಲುಪಿಸಿದವು. ದೃಷ್ಟಿಹೀನರಿಗಾಗಿ ಬ್ರೈಲ್ ಕೈಗಡಿಯಾರವನ್ನೂ ಸಂಸ್ಥೆಯು ತಯಾರಿಸಿತು.

1978ರಲ್ಲಿ ತುಮಕೂರಿನಲ್ಲಿ ಎಚ್‌ಎಂಟಿಯ ಗಡಿಯಾರ ಕಾರ್ಖಾನೆ ಆರಂಭವಾಯಿತು. ಶ್ರೀನಗರ ಮತ್ತು ಇಂದಿನ ಉತ್ತರಾಖಂಡದ ರಾಣಿಬಾಗ್‌ಗಳಲ್ಲಿಯೂ ಸಂಸ್ಥೆಯ ಘಟಕಗಳಿದ್ದವು. ತುಮಕೂರು ಕಾರ್ಖಾನೆಯಿಂದಾಗಿ ಈ ಜಿಲ್ಲೆಗೂ ಎಚ್‌ಎಂಟಿಗೂ ವಿಶೇಷ ನಂಟು ಬೆಳೆಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿಯೂ, ಬೆಂಗಳೂರು–ಅರಸೀಕೆರೆ ರೈಲು ಮಾರ್ಗದ ಮೇಲಿರುವ ಸಿಮೆಂಟ್ ಕಾರ್ಖಾನೆಯ ಊರಾದ ಅಮ್ಮಸಂದ್ರದಲ್ಲಿಯೂ ಮದುವೆಯಲ್ಲಿ ವರನಿಗೆ ವಾಚು ಕೊಡುವುದು, ನಿವೃತ್ತರಿಗೆ ವಾಚು ತೊಡಿಸಿ ಗೌರವಿಸುವುದು ರೂಢಿಯಲ್ಲಿತ್ತು. ಇಂದು ಮನೆಗಳ ಪೆಟ್ಟಿಗೆ, ಬೀರುಗಳಲ್ಲಿ ಸಿಗುವ ಎಚ್‌ಎಂಟಿಗಳಲ್ಲಿ ಅನೇಕವು ಹೀಗೆ ಬಂದವುಗಳಾಗಿವೆ.

1969ರಲ್ಲಿ ಜಪಾನಿನ ಸೀಕೋ ಕಂಪನಿಯು ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದ ಮೇಲೆ ಜಗತ್ತಿನ ಗಡಿಯಾರ ಉದ್ಯಮವೇ ಬದಲಾಯಿತು. ಭಾರತದಲ್ಲಿ 1984ರಲ್ಲಿ ಸ್ಥಾಪನೆಯಾಗಿ ಹೊಸೂರಿನಲ್ಲಿ ಕಾರ್ಖಾನೆ ತೆರೆದ ಟೈಟಾನ್ ಸಂಸ್ಥೆಯು ಕ್ವಾರ್ಟ್ಸ್ ಗಡಿಯಾರಗಳಿಗೆ ಒತ್ತು ನೀಡಿತು. ಎಚ್‌ಎಂಟಿಯ ಗಡಿಯಾರ ವಿಭಾಗವು ಕ್ರಮೇಣ ನಷ್ಟಕ್ಕೆ ಸಿಲುಕಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್‌ಎಂಟಿ ವಾಚಸ್ ಲಿಮಿಟೆಡ್ ಅನ್ನು ಮುಚ್ಚಲು ಒಪ್ಪಿಗೆ ನೀಡಿತು. ತುಮಕೂರು ಕಾರ್ಖಾನೆಯ ಜಮೀನು ಅನಂತರ ಇಸ್ರೋ ಸಂಸ್ಥೆಗೆ ಹಸ್ತಾಂತರವಾಯಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿರುವ ಎಚ್‌ಎಂಟಿ ಪಾರಂಪರಿಕ ಕೇಂದ್ರ ಮತ್ತು ವಸ್ತುಸಂಗ್ರಹಾಲಯದಲ್ಲಿ ಹಳೆಯ ಮಾದರಿಗಳನ್ನು ನೋಡಬಹುದು.

ಯಂತ್ರದ ರಚನೆ

ಯಾಂತ್ರಿಕ ಕೈಗಡಿಯಾರದ ಮುಖ್ಯ ಭಾಗಗಳು ಹೀಗಿವೆ:

• ಕೀಲಿ ಅಥವಾ ಕ್ರೌನ್: ಪಕ್ಕದಲ್ಲಿರುವ ತಿರುಪು. ಇದನ್ನು ತಿರುಗಿಸಿದಾಗ ಒಳಗಿನ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಹೊರಕ್ಕೆಳೆದು ತಿರುಗಿಸಿದಾಗ ಮುಳ್ಳುಗಳು ಚಲಿಸುತ್ತವೆ.
• ಮೈನ್‌ಸ್ಪ್ರಿಂಗ್: ಡಬ್ಬಿಯೊಳಗೆ ಸುರುಳಿಯಾಗಿರುವ ಉಕ್ಕಿನ ಪಟ್ಟಿ. ಗಡಿಯಾರದ ಶಕ್ತಿಯ ಮೂಲ.
• ಚಕ್ರಸಾಲು: ಶಕ್ತಿಯನ್ನು ಮುಂದಕ್ಕೆ ಸಾಗಿಸುವ ಹಲ್ಲಿನ ಚಕ್ರಗಳು.
• ಎಸ್ಕೇಪ್‌ಮೆಂಟ್: ಶಕ್ತಿಯನ್ನು ಒಂದೇ ಬಾರಿಗೆ ಹರಿಯಗೊಡದೆ ತುಣುಕು ತುಣುಕಾಗಿ ಬಿಡುವ ಭಾಗ. ‘ಟಿಕ್ ಟಿಕ್’ ಸದ್ದು ಹುಟ್ಟುವುದು ಇಲ್ಲಿಯೇ.
• ಬ್ಯಾಲೆನ್ಸ್ ಚಕ್ರ ಮತ್ತು ಹೇರ್‌ಸ್ಪ್ರಿಂಗ್: ಅತ್ತಿಂದಿತ್ತ ಸಮಗತಿಯಲ್ಲಿ ತೂಗಾಡುತ್ತ ಕಾಲವನ್ನು ಅಳೆಯುವ ಜೋಡಿ. ಹೇರ್‌ಸ್ಪ್ರಿಂಗ್ ಕೂದಲಿನಷ್ಟು ನವುರಾದುದು.
• ಜ್ಯುವೆಲ್‌ಗಳು: ಚಕ್ರಗಳ ಅಚ್ಚುಗಳು ಸವೆಯದಂತೆ ಕೂರಿಸಿರುವ ಕೃತಕ ಮಾಣಿಕ್ಯದ ಹರಳುಗಳು.

ಜನತಾ, ಪೈಲಟ್ ಮೊದಲಾದ ಕೀಲಿ ಕೊಡುವ ಮಾದರಿಗಳಲ್ಲಿ 17 ಜ್ಯುವೆಲ್‌ಗಳಿವೆ. ಇವುಗಳ ಬ್ಯಾಲೆನ್ಸ್ ಚಕ್ರವು ಗಂಟೆಗೆ 18,000 ಬಡಿತಗಳನ್ನು, ಅಂದರೆ ಸೆಕೆಂಡಿಗೆ ಐದು ಬಡಿತಗಳನ್ನು ನೀಡುತ್ತದೆ. ಒಂದು ದಿನಕ್ಕೆ ಇದು 4,32,000 ಬಡಿತಗಳಾಗುತ್ತದೆ. ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ, ಗಡಿಯಾರವೊಂದು ದಿನಕ್ಕೆ 30 ಸೆಕೆಂಡು ಹಿಂದೆ ಬಿದ್ದರೂ ಅದರ ದೋಷ 2,880ರಲ್ಲಿ ಒಂದು ಭಾಗ ಮಾತ್ರ. ಹಲವು ದಶಕಗಳ ಹಿಂದಿನ ಯಂತ್ರವೊಂದು ಈ ಮಟ್ಟದಲ್ಲಿ ನಡೆಯುತ್ತಿದ್ದರೆ ಅದನ್ನು ಕೆಟ್ಟಿದೆ ಎಂದು ಭಾವಿಸಬೇಕಾಗಿಲ್ಲ.

ಕಾಂಚನ್, ರಜತ್ ಮುಂತಾದ ಸ್ವಯಂಚಾಲಿತ ಮಾದರಿಗಳಲ್ಲಿ ಅರ್ಧಚಂದ್ರಾಕಾರದ ತೂಕವೊಂದಿದ್ದು, ಕೈ ಆಡಿದಂತೆ ಅದು ತಿರುಗಿ ಸ್ಪ್ರಿಂಗನ್ನು ತಾನಾಗಿಯೇ ಸುತ್ತುತ್ತದೆ. ಇಂತಹ ಗಡಿಯಾರವು ಪೆಟ್ಟಿಗೆಯಲ್ಲಿಟ್ಟರೆ ನಿಲ್ಲುವುದು ಸಹಜ, ಅದು ದೋಷವಲ್ಲ.

ಗುರುತಿಸುವಿಕೆ

ಗಡಿಯಾರವು ಕೈಸೇರಿದಾಗ ಮೊದಲು ಮಾಡಬೇಕಾದುದು ಅದರ ವಿವರಗಳ ದಾಖಲೆ. ಡಯಲ್ ಮೇಲಿನ ಬರಹ, ಹಿಂಬದಿ ಮುಚ್ಚಳದ ಅಂಕಿಗಳು, ಕವಚದ ಲೋಹ, ಮುಳ್ಳುಗಳ ಆಕಾರ, ಕ್ರೌನಿನ ಗುರುತು ಇವೆಲ್ಲವುಗಳ ಛಾಯಾಚಿತ್ರಗಳನ್ನು ತೆಗೆದಿರಿಸಬೇಕು. ಆರಂಭಿಕ ವರ್ಷಗಳ ಕೆಲವು ಡಯಲ್‌ಗಳಲ್ಲಿ ಸಿಟಿಜನ್ ಕಂಪನಿಯ ಹೆಸರೂ ಕಾಣಸಿಗುತ್ತದೆ. ಮಾದರಿಯ ಹೆಸರು ಕೆಲವು ಡಯಲ್‌ಗಳಲ್ಲಿ ರೋಮನ್ ಲಿಪಿಯಲ್ಲಿಯೂ ಕೆಲವುಗಳಲ್ಲಿ ದೇವನಾಗರಿಯಲ್ಲಿಯೂ ಇರುತ್ತದೆ. ‘ಪ್ಯಾರಾಶಾಕ್’ ಎಂಬ ಬರಹವು ಬ್ಯಾಲೆನ್ಸ್ ಚಕ್ರದ ಅಚ್ಚಿಗೆ ಆಘಾತದಿಂದ ರಕ್ಷಣೆ ಒದಗಿಸಿರುವುದನ್ನು ಸೂಚಿಸುತ್ತದೆ.

ಯಂತ್ರದ ಮೇಲೆ ಕೆತ್ತಿರುವ ಕ್ಯಾಲಿಬರ್ ಸಂಖ್ಯೆಯು ಡಯಲ್‌ಗಿಂತ ಹೆಚ್ಚು ನಂಬಲರ್ಹ. ಕೀಲಿ ಕೊಡುವ 17 ಜ್ಯುವೆಲ್ ಮಾದರಿಗಳಲ್ಲಿ 0231 ಎಂಬ ಸಂಖ್ಯೆಯೂ, ಸ್ವಯಂಚಾಲಿತ ಮಾದರಿಗಳಲ್ಲಿ 6500 ಸರಣಿಯ ಸಂಖ್ಯೆಗಳೂ ಸಾಮಾನ್ಯ. ಡಯಲ್ ಮೇಲೆ ‘21 ಜ್ಯುವೆಲ್ ಆಟೋಮ್ಯಾಟಿಕ್’ ಎಂದಿದ್ದು, ಒಳಗೆ ಕೀಲಿ ಕೊಡುವ 17 ಜ್ಯುವೆಲ್ ಯಂತ್ರವಿದ್ದರೆ ಆ ಗಡಿಯಾರವನ್ನು ಯಾರೋ ಬೇರೆ ಬೇರೆ ಭಾಗಗಳಿಂದ ಜೋಡಿಸಿದ್ದಾರೆ ಎಂದೇ ಅರ್ಥ. ಹಿಂಬದಿ ಮುಚ್ಚಳವನ್ನು ಮನೆಯಲ್ಲಿ ಚಾಕು, ಬ್ಲೇಡುಗಳಿಂದ ಎಬ್ಬಿಸುವುದು ಸಲ್ಲದು. ಕವಚಕ್ಕೆ ಗೀರು ಬೀಳುವುದಲ್ಲದೆ ಅಲಗು ಜಾರಿದರೆ ಹೇರ್‌ಸ್ಪ್ರಿಂಗ್ ಹಾಳಾಗುತ್ತದೆ.

ಸರ್ವೀಸ್

ಯಾಂತ್ರಿಕ ಗಡಿಯಾರದ ಒಳಗಿನ ಎಣ್ಣೆಯು ಬಳಸದಿದ್ದರೂ ವರ್ಷಗಳು ಕಳೆದಂತೆ ಒಣಗಿ ಅಂಟಾಗುತ್ತದೆ. ನಿತ್ಯ ಬಳಸುವ ಗಡಿಯಾರಕ್ಕೆ ಮೂರರಿಂದ ಐದು ವರ್ಷಗಳಿಗೊಮ್ಮೆ ಸರ್ವೀಸ್ ಮಾಡಿಸುವುದು ವಾಡಿಕೆ. ಬಹುಕಾಲ ಪೆಟ್ಟಿಗೆಯಲ್ಲಿದ್ದ ಗಡಿಯಾರವು ಕೀಲಿ ಕೊಟ್ಟ ಕೂಡಲೇ ನಡೆದರೂ ಅದನ್ನು ಹಾಗೆಯೇ ದಿನವೂ ಬಳಸುವುದು ಯುಕ್ತವಲ್ಲ. ಒಣಗಿದ ಎಣ್ಣೆ ಧೂಳಿನೊಡನೆ ಸೇರಿ ಅರದಂತೆ ಅಚ್ಚುಗಳನ್ನು ತೇಯುತ್ತದೆ. ಸಿಮೆಂಟ್ ಧೂಳು ಹಾರುವ ಊರುಗಳಲ್ಲಿ, ರಬ್ಬರ್ ಬಳೆ ಸಡಿಲಗೊಂಡಿರುವ ಹಳೆಯ ಕವಚಗಳೊಳಗೆ ಧೂಳು ಸೇರುವ ಸಂಭವ ಇನ್ನೂ ಹೆಚ್ಚು.

ಪೂರ್ಣ ಸರ್ವೀಸಿನ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ:

1. ಹಿಂಬದಿ ಮುಚ್ಚಳ ತೆಗೆದು, ಯಂತ್ರದ ಸ್ಥಿತಿಯನ್ನು ಐಗ್ಲಾಸಿನಿಂದ ಪರೀಕ್ಷಿಸುವುದು.
2. ಮೈನ್‌ಸ್ಪ್ರಿಂಗಿನಲ್ಲಿ ಉಳಿದಿರುವ ಬಿಗಿತವನ್ನು ನಿಧಾನವಾಗಿ ಇಳಿಸುವುದು. ಇದನ್ನು ಮಾಡದೆ ಬಿಚ್ಚಿದರೆ ಚಕ್ರಗಳ ಹಲ್ಲುಗಳು ಮುರಿಯಬಹುದು.
3. ಯಂತ್ರವನ್ನು ಕವಚದಿಂದ ಹೊರತೆಗೆದು ಮುಳ್ಳುಗಳನ್ನೂ ಡಯಲನ್ನೂ ಬೇರ್ಪಡಿಸುವುದು.
4. ಬ್ಯಾಲೆನ್ಸ್, ಎಸ್ಕೇಪ್‌ಮೆಂಟ್, ಚಕ್ರಸಾಲು, ಸ್ಪ್ರಿಂಗ್ ಡಬ್ಬಿಗಳನ್ನು ಕ್ರಮವಾಗಿ ಬಿಚ್ಚುವುದು.
5. ಭಾಗಗಳನ್ನು ಶುದ್ಧೀಕರಣ ದ್ರವದಲ್ಲಿ ತೊಳೆದು ಒಣಗಿಸುವುದು. ಜ್ಯುವೆಲ್ ರಂಧ್ರಗಳನ್ನು ಮೊನಚಾದ ಮರದ ಕಡ್ಡಿಯಿಂದ ಶುಚಿಗೊಳಿಸುವುದು.
6. ಸವೆದ ಭಾಗಗಳನ್ನು ಅದೇ ಕ್ಯಾಲಿಬರಿನ ಭಾಗಗಳಿಂದ ಬದಲಿಸುವುದು.
7. ಮತ್ತೆ ಜೋಡಿಸುತ್ತ ಗೊತ್ತಾದ ಜಾಗಗಳಿಗೆ ಮಾತ್ರ ಎಣ್ಣೆ ಹಾಕುವುದು.
8. ಗತಿಯನ್ನು ಹೊಂದಿಸಿ, ಕನಿಷ್ಠ ಎರಡು ಮೂರು ದಿನ ನಡೆಸಿ ನೋಡುವುದು.

ಬಿಚ್ಚದೆಯೇ ಇಡೀ ಯಂತ್ರವನ್ನು ಪೆಟ್ರೋಲಿನಲ್ಲಿ ಅದ್ದಿ ತೆಗೆದು ಎಣ್ಣೆ ಹನಿಸುವುದು ಕೆಲವೆಡೆ ನಡೆಯುತ್ತದೆ. ಇದರಿಂದ ಗಡಿಯಾರ ಕೆಲಕಾಲ ಓಡಬಹುದು. ಆದರೆ ಕೊಳೆಯು ಕರಗಿ ಜ್ಯುವೆಲ್‌ಗಳೊಳಗೆ ಸೇರಿಕೊಳ್ಳುವುದರಿಂದ ಇದನ್ನು ಸರ್ವೀಸ್ ಎಂದು ಪರಿಗಣಿಸಲಾಗದು.

ಎಣ್ಣೆಯ ಆಯ್ಕೆ

ಗಡಿಯಾರಕ್ಕೆ ಒಂದೇ ಬಗೆಯ ಎಣ್ಣೆ ಸಾಲದು. ವೇಗವಾಗಿ ಚಲಿಸುವ ಬ್ಯಾಲೆನ್ಸ್ ಅಚ್ಚುಗಳಿಗೆ ತೆಳುವಾದ ಎಣ್ಣೆ, ನಿಧಾನವಾಗಿ ತಿರುಗುವ ಸ್ಪ್ರಿಂಗ್ ಡಬ್ಬಿಯ ಅಚ್ಚಿಗೆ ದಪ್ಪ ಎಣ್ಣೆ, ಕೀಲಿ ಕೊಡುವ ಭಾಗಗಳಿಗೆ ಗ್ರೀಸ್ ಬೇಕಾಗುತ್ತದೆ. ಪ್ರಮಾಣವು ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ಮಾತ್ರ. ಹೆಚ್ಚಾದ ಎಣ್ಣೆಯು ಹರಿದು ಹೇರ್‌ಸ್ಪ್ರಿಂಗಿಗೆ ತಗುಲಿದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಗಡಿಯಾರ ವಿಪರೀತ ಮುಂದೆ ಓಡುತ್ತದೆ.

ತೆಂಗಿನ ಸೀಮೆಯ ಮನೆಗಳಲ್ಲಿ ಬೀಗ, ಬಾಗಿಲ ತಿರುಗಣೆಗಳಿಗೆ ಕೊಬ್ಬರಿ ಎಣ್ಣೆ ಹಾಕುವುದುಂಟು. ಗಡಿಯಾರಕ್ಕೆ ಇದು ಸರ್ವಥಾ ಸಲ್ಲದು. ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಾಗಿಯ ಬೆಳಗಿನಲ್ಲಿ ಸೀಸೆಯೊಳಗೆ ಹೆಪ್ಪುಗಟ್ಟುವ ಎಣ್ಣೆಯು ಗಡಿಯಾರದೊಳಗೂ ಹೆಪ್ಪುಗಟ್ಟುತ್ತದೆ. ಅಲ್ಲದೆ ಗಾಳಿಯೊಡನೆ ಬೆರೆತು ಕಾಲಕ್ರಮದಲ್ಲಿ ಕಮಟಿ ಜಿಡ್ಡಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯೂ ಕೈಗಡಿಯಾರದ ಸೂಕ್ಷ್ಮ ಅಚ್ಚುಗಳಿಗೆ ತಕ್ಕುದಲ್ಲ.

ಪರೀಕ್ಷೆ

ಸರ್ವೀಸಿನ ಗುಣಮಟ್ಟವನ್ನು ಟೈಮ್‌ಗ್ರಾಫರ್ ಎಂಬ ಉಪಕರಣದಿಂದ ಅಳೆಯಬಹುದು. ಅದು ಗಡಿಯಾರದ ಸದ್ದನ್ನು ಆಲಿಸಿ ಮೂರು ಅಂಶಗಳನ್ನು ತೋರಿಸುತ್ತದೆ: ದಿನಕ್ಕೆ ಎಷ್ಟು ಸೆಕೆಂಡು ಮುಂದೆ ಅಥವಾ ಹಿಂದೆ ಓಡುತ್ತದೆ, ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತೂಗುತ್ತದೆ, ಎರಡು ಬದಿಯ ತೂಗಾಟ ಸಮವಾಗಿದೆಯೇ. ಪೂರ್ಣ ಕೀಲಿ ಕೊಟ್ಟು ಮುಖ ಮೇಲಾಗಿ ಇಟ್ಟಾಗ ತೂಗಾಟವು 270ರಿಂದ 300 ಡಿಗ್ರಿಗಳಷ್ಟಿದ್ದರೆ ಯಂತ್ರ ಆರೋಗ್ಯವಾಗಿದೆ ಎನ್ನಬಹುದು. 220 ಡಿಗ್ರಿಗಿಂತ ಕಡಿಮೆಯಿದ್ದರೆ ಕೊಳೆ, ಸವೆತ ಅಥವಾ ದಣಿದ ಸ್ಪ್ರಿಂಗನ್ನು ಶಂಕಿಸಬೇಕು. ಗಡಿಯಾರ ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಸ್ಪೀಕರ್ ಮೊದಲಾದವುಗಳ ಅಯಸ್ಕಾಂತದ ಪ್ರಭಾವವಿರಬಹುದು. ಇದನ್ನು ದುರಸ್ತಿಗಾರರು ಸಣ್ಣ ಉಪಕರಣದಿಂದ ಕೆಲವೇ ಕ್ಷಣಗಳಲ್ಲಿ ನಿವಾರಿಸುತ್ತಾರೆ.

ದುರಸ್ತಿಗಾರರೊಡನೆ ವ್ಯವಹಾರ

ಎಚ್‌ಎಂಟಿಯ ಯಂತ್ರಗಳು ಅಪಾರ ಸಂಖ್ಯೆಯಲ್ಲಿ ತಯಾರಾದವು. ಆದ್ದರಿಂದ ಹೊಸ ಭಾಗಗಳ ತಯಾರಿಕೆ ನಿಂತಿದ್ದರೂ ಕೆಟ್ಟ ಗಡಿಯಾರಗಳಿಂದ ತೆಗೆದ ಭಾಗಗಳು ದೊರೆಯುತ್ತವೆ. ಹಳೆಯ ಸ್ವಿಸ್ ಗಡಿಯಾರಗಳ ವಿಷಯದಲ್ಲಿ ಈ ಅನುಕೂಲ ಕಡಿಮೆ. ಗಡಿಯಾರವನ್ನು ಒಪ್ಪಿಸುವ ಮೊದಲು ಕೆಳಗಿನ ಅಂಶಗಳನ್ನು ಖಚಿತಪಡಿಸಿಕೊಳ್ಳುವುದು ಒಳಿತು:

• ಮಾಡಲಿರುವ ಕೆಲಸ ಹಾಗೂ ವೆಚ್ಚವನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು.
• ಯಂತ್ರದ ಛಾಯಾಚಿತ್ರವನ್ನು ದುರಸ್ತಿಗಾರರ ಎದುರಿನಲ್ಲಿಯೇ ತೆಗೆದುಕೊಳ್ಳುವುದು.
• ಬದಲಿಸಿದ ಹಳೆಯ ಭಾಗಗಳನ್ನು ಹಿಂದಿರುಗಿಸಲು ಕೇಳುವುದು.
• ಡಯಲ್, ಮುಳ್ಳು, ಕವಚಗಳನ್ನು ಕೇಳದೆ ಮುಟ್ಟಬಾರದೆಂದು ಸ್ಪಷ್ಟವಾಗಿ ತಿಳಿಸುವುದು.

ವರ್ಜಿಸಬೇಕಾದ ದುರಸ್ತಿಗಳು

ಡಯಲಿಗೆ ಮರುಬಣ್ಣ: ಕಲೆಬಿದ್ದ ಡಯಲನ್ನು ಕೆರೆದು ಹೊಸದಾಗಿ ಬಣ್ಣ ಹಚ್ಚಿ ಅಕ್ಷರ ಮುದ್ರಿಸುವ ಪದ್ಧತಿಯಿದೆ. ನೋಡಲು ಹೊಸದರಂತೆ ಕಂಡರೂ, ಮೂಲ ಡಯಲ್ ಮತ್ತೆ ಬಾರದು. ಸಂಗ್ರಾಹಕರು ಕಲೆಯಿರುವ ಮೂಲ ಡಯಲಿಗೆ ಕೊಡುವ ಬೆಲೆಯನ್ನು ಮರುಬಣ್ಣದ ಡಯಲಿಗೆ ಕೊಡುವುದಿಲ್ಲ.

ಕವಚದ ಅತಿಯಾದ ಪಾಲಿಶ್: ಕಡಿಮೆ ಬೆಲೆಯ ಅನೇಕ ಮಾದರಿಗಳಲ್ಲಿ ಕವಚವು ಹಿತ್ತಾಳೆಯದಾಗಿದ್ದು ಮೇಲೆ ಕ್ರೋಮ್ ಅಥವಾ ಚಿನ್ನದ ಲೇಪನವಿರುತ್ತದೆ. ಪಾಲಿಶ್ ಚಕ್ರಕ್ಕೆ ಒಡ್ಡಿದರೆ ಲೇಪನ ಹೋಗಿ ಹಿತ್ತಾಳೆ ಹೊರಬರುತ್ತದೆ. ಅನಂತರ ಬೆವರಿನಿಂದ ಹಸಿರುಗಟ್ಟುತ್ತದೆ. ಗೀರುಬಿದ್ದ ಅಕ್ರಿಲಿಕ್ ಗಾಜನ್ನು ಮಾತ್ರ ನಿರಾತಂಕವಾಗಿ ಉಜ್ಜಬಹುದು ಅಥವಾ ಬದಲಿಸಬಹುದು.

ಹೊಳೆಯುವ ಬಣ್ಣವನ್ನು ಕೆರೆಯುವುದು: ಕತ್ತಲೆಯಲ್ಲಿ ಹೊಳೆಯಲೆಂದು ಇಪ್ಪತ್ತನೆಯ ಶತಮಾನದ ಮೊದಲಾರ್ಧದ ವಿದೇಶಿ ಗಡಿಯಾರಗಳಲ್ಲಿ ರೇಡಿಯಂ ಬಳಕೆಯಲ್ಲಿತ್ತು. ಹೊಳಪು ಮಾಸಿದ್ದರೂ ಅದರ ವಿಕಿರಣವು ನೂರಾರು ವರ್ಷ ಉಳಿಯುತ್ತದೆ. ಇಂತಹ ಡಯಲನ್ನು ಮನೆಯಲ್ಲಿ ತೆರೆಯುವುದಾಗಲಿ, ಪುಡಿಯನ್ನು ಕೆರೆಯುವುದಾಗಲಿ ಆರೋಗ್ಯಕ್ಕೆ ಅಪಾಯಕರ.

ಮೌಲ್ಯಮಾಪನ

ಗಡಿಯಾರವೊಂದಕ್ಕೆ ಮೂರು ಬಗೆಯ ಮೌಲ್ಯಗಳಿವೆ. ಮೊದಲನೆಯದು ಮಾರುಕಟ್ಟೆಯ ಬೆಲೆ, ಅಂದರೆ ಅದೇ ಸ್ಥಿತಿಯ ಅದೇ ಮಾದರಿಗೆ ಕೊಳ್ಳುವವರು ವಾಸ್ತವವಾಗಿ ಕೊಟ್ಟ ಮೊತ್ತ. ಎರಡನೆಯದು ಬದಲಿ ಬೆಲೆ, ಅಂದರೆ ಅದು ಕಳೆದುಹೋದರೆ ಅಂತಹದೇ ಇನ್ನೊಂದನ್ನು ಹುಡುಕಿ ಕೊಳ್ಳಲು ತಗಲುವ ವೆಚ್ಚ. ಮೂರನೆಯದು ಕುಟುಂಬಕ್ಕೆ ಮಾತ್ರ ತಿಳಿದಿರುವ ಮೌಲ್ಯ. ಮಾರಾಟಗಾರರು ಜಾಲತಾಣಗಳಲ್ಲಿ ಕೇಳುವ ಬೆಲೆಯು ಮಾರುಕಟ್ಟೆಯ ಬೆಲೆಯಲ್ಲ. ವ್ಯಾಪಾರ ಕುದುರಿದ ಬೆಲೆಯೇ ಆಧಾರ.

ಮಾರುಕಟ್ಟೆಯ ಬೆಲೆಯನ್ನು ನಿರ್ಧರಿಸುವ ಅಂಶಗಳು:

• ಮೂಲರೂಪ: ಡಯಲ್, ಮುಳ್ಳು, ಕ್ರೌನ್, ಯಂತ್ರ, ಕವಚ ಒಂದೇ ಗಡಿಯಾರಕ್ಕೆ ಸೇರಿದವೇ ಎಂಬುದು. ಇದು ಎಲ್ಲಕ್ಕಿಂತ ಮುಖ್ಯ.
• ಮಾದರಿಯ ವಿರಳತೆ: ಜನತಾ ಮಾದರಿ ಹೇರಳವಾಗಿ ದೊರೆಯುತ್ತದೆ; ಆರಂಭಿಕ ವರ್ಷಗಳ ಗಡಿಯಾರಗಳು ಹಾಗೂ ಬ್ರೈಲ್ ಮಾದರಿ ಅಷ್ಟು ಸುಲಭವಾಗಿ ಸಿಗುವುದಿಲ್ಲ.
• ಸ್ಥಿತಿ: ಡಯಲಿನ ಶುಚಿತ್ವ, ಲೇಪನದ ಉಳಿಕೆ, ನಡೆಯುವ ರೀತಿ.
• ದಾಖಲೆ: ಪೆಟ್ಟಿಗೆ, ಖಾತರಿ ಚೀಟಿ, ಖರೀದಿಯ ರಸೀದಿ.

ಕಾರ್ಖಾನೆ ಮುಚ್ಚುವ ಸುದ್ದಿ ಹೊರಬಿದ್ದ ನಂತರ ಎಚ್‌ಎಂಟಿಗೆ ಬೇಡಿಕೆ ಏರಿತು. ಅದರೊಂದಿಗೆ ಹಳೆಯ ಯಂತ್ರಕ್ಕೆ ಹೊಸದಾಗಿ ಮುದ್ರಿಸಿದ ಗಾಢಬಣ್ಣದ ಡಯಲ್ ಜೋಡಿಸಿ ಮಾರುವ ವ್ಯವಹಾರವೂ ಬೆಳೆಯಿತು. ಹೀಗೆ ಭಾರತದಲ್ಲಿ ಜೋಡಿಸಿದ ಹಳೆಯ ಗಡಿಯಾರಗಳನ್ನು ವಿದೇಶಿ ಸಂಗ್ರಾಹಕರು ‘ಮುಂಬೈ ಸ್ಪೆಷಲ್’ ಎಂದು ಹಗುರವಾಗಿ ಕರೆಯುತ್ತಾರೆ. ಮನೆಯಲ್ಲಿಯೇ ಉಳಿದುಬಂದ, ಮಾಸಿದರೂ ಮಾರ್ಪಾಡಾಗದ ಗಡಿಯಾರಕ್ಕೆ ಬೆಲೆ ಬರುವುದು ಈ ಕಾರಣದಿಂದಲೇ.

ಚಿನ್ನದ ಬಣ್ಣದ ಗಡಿಯಾರವೆಲ್ಲ ಚಿನ್ನದ್ದಲ್ಲ. ಸೋನಾ, ಕಾಂಚನ್ ಎಂಬ ಹೆಸರುಗಳು ಚಿನ್ನವನ್ನು ನೆನಪಿಸಿದರೂ ಇಂತಹ ಗಡಿಯಾರಗಳ ಕವಚದ ಮೇಲಿರುವುದು ಲೇಪನ ಮಾತ್ರ. ‘ಪ್ಲೇಟೆಡ್’ ಅಥವಾ ‘ಮೈಕ್ರಾನ್’ ಎಂಬ ಬರಹ ಲೇಪನವನ್ನು ಸೂಚಿಸುತ್ತದೆ. ಘನ ಚಿನ್ನದ ಸ್ವಿಸ್ ಕವಚಗಳ ಒಳಮೈಯಲ್ಲಿ 18 ಕ್ಯಾರೆಟ್‌ಗೆ 750, 14 ಕ್ಯಾರೆಟ್‌ಗೆ 585 ಎಂಬ ಮುದ್ರೆಗಳಿರುತ್ತವೆ. ಘನ ಚಿನ್ನದ ಗಡಿಯಾರವನ್ನು ತೂಕದ ಲೆಕ್ಕದಲ್ಲಿ ಕರಗಿಸಲು ಕೊಡುವ ಮೊದಲು ಯಂತ್ರದ ತಯಾರಕರು ಯಾರೆಂಬುದನ್ನು ತಿಳಿಯುವುದು ಅವಶ್ಯ. ಕೆಲವೊಮ್ಮೆ ಗಡಿಯಾರವಾಗಿ ಅದಕ್ಕಿರುವ ಬೆಲೆ ಚಿನ್ನದ ಬೆಲೆಯನ್ನು ಮೀರುತ್ತದೆ.

ಸಾಮಾನ್ಯ ಜನತಾ ಅಥವಾ ಪೈಲಟ್ ಗಡಿಯಾರವನ್ನು ಮಾರಿ ಲಾಭ ಪಡೆಯುವ ಉದ್ದೇಶದಿಂದ ಸರ್ವೀಸ್ ಮಾಡಿಸಿದರೆ, ಆ ವೆಚ್ಚವೂ ಹಿಂದಿರುಗದಿರಬಹುದು. ಕೈಗೆ ಕಟ್ಟಿಕೊಳ್ಳಲು ಅಥವಾ ಮುಂದಿನ ಪೀಳಿಗೆಗೆ ಉಳಿಸಲು ಮಾಡಿಸುವುದಾದರೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಉತ್ತರಾಧಿಕಾರ

ಕೈಗಡಿಯಾರವು ಚರಾಸ್ತಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲು ಬರೆಯದೆ ಪುರುಷನೊಬ್ಬ ತೀರಿಕೊಂಡರೆ ಅವನ ಸ್ವಂತ ಆಸ್ತಿಯಲ್ಲಿ ಪತ್ನಿ, ತಾಯಿ, ಗಂಡುಮಕ್ಕಳು ಹಾಗೂ ಹೆಣ್ಣುಮಕ್ಕಳಿಗೆ ಸಮಾನ ಹಕ್ಕಿದೆ; ಚರಾಸ್ತಿಯೂ ಇದರಲ್ಲಿ ಸೇರುತ್ತದೆ. ತಂದೆಯ ಗಡಿಯಾರ ಹಿರಿಯ ಮಗನಿಗೇ ಸೇರಬೇಕೆಂಬುದು ರೂಢಿಯ ಮಾತೇ ಹೊರತು ಕಾನೂನಲ್ಲ. ಜಮೀನನ್ನೂ ತೆಂಗಿನ ಮರಗಳನ್ನೂ ಎಣಿಸಿ ಪಾಲು ಮಾಡಬಹುದು. ಗಡಿಯಾರವನ್ನು ಒಡೆದು ಹಂಚಲಾಗದು. ಆದ್ದರಿಂದ ಸರ್ವೀಸ್, ಮಾರಾಟ ಅಥವಾ ವಿನಿಮಯಕ್ಕೆ ಮುನ್ನ ಒಡಹುಟ್ಟಿದವರೆಲ್ಲರ ಒಪ್ಪಿಗೆ ಪಡೆಯುವುದು, ಯಾರು ಇಟ್ಟುಕೊಳ್ಳುವರೆಂಬುದನ್ನು ಬರೆದಿಡುವುದು ಮುಂದಿನ ಮನಸ್ತಾಪವನ್ನು ತಪ್ಪಿಸುತ್ತದೆ. ಗಡಿಯಾರ ಯಾರದ್ದು, ಯಾವ ವರ್ಷದ್ದು, ಯಾವ ಸಂದರ್ಭದಲ್ಲಿ ಬಂದಿತು ಎಂಬ ವಿವರಗಳನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದು ಅದರೊಂದಿಗೆ ಇಡಬೇಕು. ಕೆಟ್ಟ ಯಂತ್ರವನ್ನು ಸರಿಪಡಿಸಬಹುದು. ಮರೆತುಹೋದ ವಿವರಗಳನ್ನು ಮತ್ತೆ ಪಡೆಯುವುದು ಕಷ್ಟ.

ನಿತ್ಯದ ಆರೈಕೆ

• ಪ್ರತಿದಿನ ಗೊತ್ತಾದ ಒಂದೇ ಸಮಯಕ್ಕೆ, ಗಡಿಯಾರವನ್ನು ಕೈಯಿಂದ ಬಿಚ್ಚಿ ಕೀಲಿ ಕೊಡಬೇಕು. ತಿರುಪು ಬಿಗಿಯಾದ ಕೂಡಲೇ ನಿಲ್ಲಿಸಬೇಕು.
• ದಿನಾಂಕವಿರುವ ಮಾದರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ ಜಾವ 3 ಗಂಟೆಯವರೆಗೆ ದಿನಾಂಕವನ್ನು ಕೈಯಿಂದ ಬದಲಿಸಬಾರದು. ಆ ಹೊತ್ತಿನಲ್ಲಿ ದಿನಾಂಕದ ಹಲ್ಲುಗಳು ಕೂಡಿಕೊಂಡಿರುತ್ತವೆ.
• ಹಳೆಯ ಗಡಿಯಾರದ ಮೇಲೆ ಏನೇ ಬರೆದಿದ್ದರೂ ನೀರು ತಾಗಿಸಬಾರದು. ಗಾಜಿನೊಳಗೆ ಮಂಜು ಕಂಡರೆ ಅದೇ ದಿನ ದುರಸ್ತಿಗಾರರಲ್ಲಿ ತೆರೆಸಬೇಕು. ಬಿಸಿಲಿಗೆ ಇಡುವುದರಿಂದ ತೇವ ಪೂರ್ತಿ ಹೋಗುವುದಿಲ್ಲ.
• ಕಾಯಿ ಸುಲಿಯುವಾಗ, ಸೌದೆ ಒಡೆಯುವಾಗ, ಮೋಟಾರು ದುರಸ್ತಿಯ ವೇಳೆ ತೆಗೆದಿಡಬೇಕು.
• ಬೆವರು ತಾಗಿದ ಹಿಂಬದಿಯನ್ನು ಒಣಬಟ್ಟೆಯಿಂದ ಒರೆಸಬೇಕು.
• ಬಳಸದೆ ಇಡುವುದಾದರೆ ಚರ್ಮದ ಪಟ್ಟಿಯನ್ನು ಬಿಚ್ಚಿ, ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು. ತಿಂಗಳಿಗೊಮ್ಮೆ ಸ್ವಲ್ಪ ಕೀಲಿ ಕೊಟ್ಟು ನಡೆಸಿ ನೋಡಬೇಕು.